ಮೀಟಿಂಗ್ ಐತೆ, ಮೆಲ್ಲಗೆ

ನಮ್ಮ ಅತ್ತೆಯ ದನಿ ಎಂಥದ್ದಿತ್ತು ಎಂದು ಹೇಳಬೇಕಾದರೆ ಮೊದಲು ಕಾಯಿ ಎಣಿಸುವುದನ್ನು ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿ ಕಿತ್ತು ಅಂಗಳಕ್ಕೆ ತಂದು ಸುರಿದ ಮೇಲೆ, ಕೊಬ್ಬರಿಯಾಗಲು ಅಟ್ಟಕ್ಕೆ ಏರಿಸುವ ಮುಂಚೆ ಎಣಿಸುತ್ತಾರೆ. ಆಳುಗಳು ಎರಡೂ ಕೈಯಲ್ಲಿ ಕಾಯಿ ಎತ್ತಿ ಈ ರಾಶಿಯಿಂದ ಆ ಕಡೆಗೆ ಎಸೆಯುತ್ತ ಹೋದಂತೆ ಒಬ್ಬರು ನಿಂತು ಕೂಗಿ ಲೆಕ್ಕ ಹೇಳಬೇಕು. ಮೊದಲನೆಯದನ್ನು ಯಾರೂ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು, ನಾಕು ಎಂದು ಒಂದು ರಾಗದಲ್ಲಿ ಸಾಗುತ್ತದೆ. ಮಾವ ತೀರಿಕೊಂಡ ಮೇಲೆ ಆ ಕೆಲಸವನ್ನು ಅತ್ತೆ ತಾವೇ ಹಿಡಿದಿದ್ದರು. ಮಗನ ಕೈಗೆ ಕೊಟ್ಟರೆ ನಡುವೆ ಫೋನ್ ನೋಡಿ ಲೆಕ್ಕ ತಪ್ಪಿಸುತ್ತಾನೆ ಎಂಬುದು ಅವರ ದೂರು. ನನ್ನ ಗಂಡನ ಬಗ್ಗೆ ಅತ್ತೆ ಹೇಳುವ ದೂರುಗಳಲ್ಲಿ ಸುಳ್ಳು ಕಡಿಮೆ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾಭ ಎಂದು ಎಳೆದರೆ ತೋಟದ ಆಚೆ ತುದಿಯಲ್ಲಿ ಮೇಯುತ್ತಿದ್ದ ಹಸು ತಲೆ ಎತ್ತುತ್ತಿತ್ತು. ರಸ್ತೆಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ, "ಏನಕ್ಕಾ, ಈ ಸಲ ಕಾಯಿ ಜೋರಾ?" ಎಂದು ಕೇಳುತ್ತಿದ್ದರು. ಅತ್ತೆ ಎಣಿಕೆ ನಿಲ್ಲಿಸದೆ ಅದೇ ರಾಗದಲ್ಲಿ, "ಜೋರು ಕಣಪ್ಪ, ಕಣ್ ಹಾಕ್ಬೇಡ," ಎಂದು ಸೇರಿಸಿ ಮುಂದಿನ ಸಂಖ್ಯೆಗೆ ಹೋಗುತ್ತಿದ್ದರು. ಆಳುಗಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಶೆಟ್ಟಿಕೆರೆ ಕಡೆ. ಅಲ್ಲೂ ತೆಂಗೇ, ಆದರೆ ನಮ್ಮ ಮನೆಯ ಹೆಂಗಸರ ಮಾತು ನಡುಮನೆ ದಾಟಿ ಹೋಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಗೆ ನನ್ನನ್ನು ಕಂಡರಾಗದು ಎಂದೇ ತಿಳಿದಿದ್ದೆ. ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಕೇಳುವುದಕ್ಕೂ, ತೋಟಕ್ಕೆ ನುಗ್ಗಿದ ಪಕ್ಕದವರ ಎಮ್ಮೆ ಅಟ್ಟುವುದಕ್ಕೂ ಅವರದು ಒಂದೇ ದನಿ. ಒಂದು ದಿನ ತಡೆಯಲಾರದೆ ಅತ್ತುಬಿಟ್ಟೆ. ಅತ್ತೆ ಗಾಬರಿಯಾಗಿ, "ಅಯ್ಯೋ, ನಾನ್ ಬೈಲಿಲ್ಲ ಕಣಮ್ಮ, ನಾನು ಮಾತಾಡೋದೇ ಹಿಂಗೆ," ಎಂದು ಅದಕ್ಕಿಂತ ಜೋರಾಗಿ ಹೇಳಿದರು. ಇಬ್ಬರಿಗೂ ನಗು ಬಂದು ವಿಷಯ ಅಲ್ಲಿಗೆ ಮುಗಿಯಿತು.

ತೋಟ ನೋಡಿಕೊಂಡಿರುವ ಹುಡುಗನಿಗೆ ಹೆಣ್ಣೇ ಸಿಗುವುದಿಲ್ಲ ಎಂದು ಮನೆಮನೆಯಲ್ಲೂ ತಲೆ ಕೆಡಿಸಿಕೊಳ್ಳುವ ಕಾಲದಲ್ಲಿ, ಕಂಪ್ಯೂಟರ್ ಓದಿ ಕೆಲಸದಲ್ಲಿದ್ದ ನಾನು ಬಿಳಿಗೆರೆ ಪಕ್ಕದ ಈ ತೋಟದ ಮನೆಗೆ ಒಪ್ಪಿ ಬಂದೆ. ಅತ್ತೆಗೆ ಅದೊಂದು ದೊಡ್ಡ ಹೆಮ್ಮೆ. ತಿಪಟೂರಿನ ಸಂತೆಯಲ್ಲಿ ಸೊಪ್ಪು ಕೊಳ್ಳುವಾಗಲೂ ನನ್ನ ಕೆಲಸದ ಸುದ್ದಿ ಹೇಗಾದರೂ ನುಸುಳುತ್ತಿತ್ತು. ಮೊದಮೊದಲು ನಾನು ರೈಲು ಹತ್ತಿ ಬೆಂಗಳೂರಿಗೆ ಹೋಗಿ ವಾರದ ಕೊನೆಗೆ ಬರುತ್ತಿದ್ದೆ. ಕೊರೋನಾ ಬಂದಾಗ ಕೆಲಸವೇ ಮನೆಗೆ ಬಂತು. ಆಮೇಲೆ ಕಂಪನಿ ಬಾ ಎಂದು ಕರೆಯಲೂ ಇಲ್ಲ, ಬರಲೇ ಎಂದು ನಾನು ಕೇಳಲೂ ಇಲ್ಲ.

ನನ್ನ ಆಫೀಸು ಎಂದರೆ ಕಾಯಿ ಅಟ್ಟದ ಕೆಳಗಿನ ಕೋಣೆ. ಮೇಲೆ ತಿಂಗಳುಗಟ್ಟಲೆ ಒಣಗುತ್ತ ಕೂತ ಕಾಯಿ, ಕೆಳಗೆ ಒಂದು ಮೇಜು, ಕುರ್ಚಿ, ಲ್ಯಾಪ್‌ಟಾಪು. ಅಟ್ಟದ ಸಂದಿಯಿಂದ ಧೂಳು ಕೀಬೋರ್ಡಿನ ಮೇಲೆ ಉದುರುತ್ತದೆ ಎಂದು ನಮ್ಮನೆಯವರು ಅದರ ತಳಕ್ಕೆ ಟಾರ್ಪಾಲು ಬಡಿದುಕೊಟ್ಟರು. ಇಲಿ ಓಡಾಡಿ ಕಾಯಿ ಉರುಳಿದರೆ ತಲೆಯ ಮೇಲೆ ಯಾರೋ ನಡೆದಂತೆ ಕೇಳುತ್ತಿತ್ತು. ಗರಿ ಬಿದ್ದು ಕೇಬಲ್ ತುಂಡಾದರೆ ಅವತ್ತಿನ ಕೆಲಸ ಗೋವಿಂದ. ಕಿಟಕಿಯಾಚೆ ಅಂಗಳ, ಅಂಗಳದಲ್ಲಿ ಅತ್ತೆ. ಹಸುವಿನ ಜೊತೆ, ಡೈರಿಗೆ ಹಾಲು ಒಯ್ಯುವವನ ಜೊತೆ, ತೀರಿಹೋದ ಮಾವನ ಜೊತೆ ಅವರು ಇಡೀ ದಿನ ಮಾತಾಡುತ್ತಲೇ ಇರುತ್ತಿದ್ದರು. ನನಗೆ ರೇಗುತ್ತಿತ್ತು. ಈ ಗಲಾಟೆಯಲ್ಲಿ ಮನುಷ್ಯರು ಯೋಚನೆ ಮಾಡುವುದು ಹೇಗೆ ಎಂದು ಗಂಡನ ಹತ್ತಿರ ಸಿಡುಕುತ್ತಿದ್ದೆ.

ನಮ್ಮ ಕಂಪನಿ ಚಿಕ್ಕ ಮಕ್ಕಳಿಗೆ ಅಕ್ಷರ, ಲೆಕ್ಕ ಕಲಿಸುವ ಆ್ಯಪ್ ಮಾಡುತ್ತದೆ. ಅದರಲ್ಲಿ ಬರುವ ಆಟಗಳನ್ನು ಕಟ್ಟುವುದು ನನ್ನ ಕೆಲಸ. ಕೋಡ್ ಬರೆಯುವುದು ಕಲಿತರೆ ಬರುತ್ತದೆ. ಹೊಸ ಆಟ ಹೊಳೆಯಬೇಕಲ್ಲ, ಅದು ಕಷ್ಟ. ನನಗೆ ಹೊಳೆಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹಾಗೇ ತಿಳಿದಿದ್ದೆ. ಆದರೆ ಅದೆಲ್ಲ ಕಿಟಕಿಯಿಂದ ಒಳಗೆ ಬರುತ್ತಿತ್ತು. ನನ್ನ ಪುಟ್ಟ ಮಗಳಿಗೆ ಅನ್ನ ತಿನ್ನಿಸುತ್ತ ಅತ್ತೆ ಒಂದು ಅಳಿಲಿನ ಕಥೆ ಹೇಳುತ್ತಿದ್ದರು. ಅದು ಎಳನೀರು ಕುಡಿಯಲು ಬುರುಡೆಯೊಳಗೆ ಹೋಗಿ, ಹೊಟ್ಟೆ ದಪ್ಪವಾಗಿ ಈಚೆ ಬರಲಾಗದೆ ಅಲ್ಲೇ ಸಂಸಾರ ಹೂಡಿತಂತೆ. ಮುಂದಿನ ತಿಂಗಳು ಆ ಅಳಿಲು ನಮ್ಮ ಆ್ಯಪಿನಲ್ಲಿ ಕೂಡುವ ಲೆಕ್ಕ ಹೇಳಿಕೊಡುತ್ತಿತ್ತು. ಒಂದರ ಬದಲು ಲಾಭ ಎಂದು ಎಣಿಸುವ ಆಟವಂತೂ ಆಫೀಸಿನಲ್ಲಿ ಎಲ್ಲರಿಗೂ ಹಿಡಿಸಿತು. "ನಿಂಗೆ ಇವೆಲ್ಲ ಎಲ್ಲಿಂದ ಬರುತ್ತೆ?" ಎಂದು ಮ್ಯಾನೇಜರ್ ಮೇಡಂ ಕೇಳಿದಾಗ ನಾನು ಸುಮ್ಮನೆ ನಕ್ಕೆ.

ಒಂದು ದಿನ ಆ ಎಣಿಕೆಯೇ ಮೀಟಿಂಗಿನ ಮಧ್ಯೆ ನುಗ್ಗಿತು. ಹೊರದೇಶದವರೂ ಕೂತಿದ್ದ ಮೀಟಿಂಗು. ನಾನು ಮಾತಾಡುತ್ತಿದ್ದೆ, ಮೈಕು ತೆರೆದಿತ್ತು. ಅಂಗಳದಲ್ಲಿ ಅತ್ತೆ ಲಾಭ ಎಂದು ಎಳೆದರು. ಪರದೆಯ ಮೇಲಿನ ಮುಖಗಳೆಲ್ಲ ಒಮ್ಮೆ ಬೆಚ್ಚಿದವು. ಹತ್ತಿರದಲ್ಲಿ ಏನಾದರೂ ಹರಾಜು ನಡೆಯುತ್ತಿದೆಯಾ ಎಂದು ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕು, ಮೈಕು ಮುಚ್ಚಿ, ಕಿಟಕಿ ಎಳೆದುಕೊಂಡೆ.

ಸಂಜೆ ಊಟಕ್ಕೆ ಕೂತಾಗ ಅದನ್ನೇ ತಮಾಷೆ ಮಾಡಿ ಹೇಳಿದೆ. ಮುದ್ದೆ ಬಡಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ನನ್ ದನಿ ಅಲ್ಲಿಗಂಟ ಕೇಳಿಸ್ತಾ?"

"ಅಮೆರಿಕಕ್ಕೇ ಕೇಳಿಸ್ತು ಅತ್ತೆ."

"ನಿಮ್ ಸಾಹೇಬ್ರು ಬೈದ್ರಾ?"

"ಬೈಲಿಲ್ಲ, ನಕ್ರು."

"ನಕ್ರಾ," ಎಂದು ಅತ್ತೆ ಮುದ್ದೆಯ ಪಾತ್ರೆ ಕೆಳಗಿಟ್ಟರು. ಯಾರಾದರೂ ಬೈದಿದ್ದರೆ ಅತ್ತೆ ಅವರಿಗೆ ಇನ್ನೂ ಜೋರಾಗಿ ಬೈದು ಅಲ್ಲಿಗೇ ಮರೆಯುತ್ತಿದ್ದರು. ನಕ್ಕರು ಎಂಬುದು ಅವರಿಗೆ ನಾಟಿತು. ಸೊಸೆ ನಾಲ್ಕು ಜನರ ಮುಂದೆ ತಮ್ಮಿಂದಾಗಿ ನಗೆಪಾಟಲಾದಳು ಎಂದು ಅವರು ತಿಳಿದುಕೊಂಡರು. ನಾನು ಕೈತೊಳೆದು ಎದ್ದು ಹೋದೆ.

ಮಾರನೆಯ ಬೆಳಿಗ್ಗೆ ನನ್ನ ಕೋಣೆಯ ಚಿಲಕಕ್ಕೆ ಒಂದು ಕೆಂಪು ರವಿಕೆ ಕಣ ಕಟ್ಟಿತ್ತು. ಯಾವುದೋ ಮದುವೆಯಲ್ಲಿ ಅತ್ತೆಯ ಮಡಿಲಿಗೆ ಬಂದದ್ದು. ಅದು ಇರುವವರೆಗೆ ಯಾರೂ ಉಸಿರೆತ್ತಬಾರದು ಎಂದು ಅವರು ಮನೆಗೆಲ್ಲ ಕಾನೂನು ಮಾಡಿದ್ದರು. ಹಸುವನ್ನು ಹಿತ್ತಿಲಿನ ಆಚೆಗೆ ಕಟ್ಟಿಸಿದರು. ಮಿಕ್ಸಿ ಹಿಂದಿನ ಕೋಣೆಗೆ ಹೋಯಿತು. ಕುಕ್ಕರ್ ಸೀಟಿ ಹೊಡೆಯುತ್ತದೆ ಎಂದು ಬೇಳೆ ಪಾತ್ರೆಯಲ್ಲಿ ಬೇಯತೊಡಗಿತು. ಗೇಟಿನಲ್ಲಿ ಯಾರಾದರೂ ಕೂಗಿದರೆ ಅತ್ತೆ ಸೆರಗು ಹಿಡಿದುಕೊಂಡು ಓಡಿಹೋಗಿ, ತುಟಿಯ ಮೇಲೆ ಬೆರಳಿಟ್ಟು, "ಮೀಟಿಂಗ್ ಐತೆ, ಮೆಲ್ಲಗೆ," ಎನ್ನುತ್ತಿದ್ದರು. ಮೀಟಿಂಗ್ ಎಂಬ ಮಾತನ್ನು ಅವರು ಪೂಜೆ ಎಂಬಷ್ಟು ಭಕ್ತಿಯಿಂದ ಹೇಳುತ್ತಿದ್ದರು.

ಮೀಟಿಂಗ್ ಇಲ್ಲದಾಗ ಚಿಲಕದ ಬಟ್ಟೆ ಬಿಚ್ಚಬೇಕು ಎಂದು ನಾವು ಮಾತಾಡಿಕೊಂಡಿದ್ದೆವು. ಮೊದಲು ಬಿಚ್ಚುತ್ತಿದ್ದೆ, ಆಮೇಲೆ ಮರೆಯುತ್ತಿದ್ದೆ, ಕೊನೆಗೆ ಅದು ಅಲ್ಲೇ ಉಳಿಯಿತು. ಅತ್ತೆಗೂ ಪಿಸುಮಾತು ರೂಢಿಯಾಯಿತು. ಅಡುಗೆಮನೆಯಲ್ಲಿ ಪಿಸುಮಾತು, ತೋಟದಲ್ಲಿ ಪಿಸುಮಾತು. ಕಾಯಿ ಎಣಿಸುವ ದಿನ ಬಂದಾಗ ಮಗನನ್ನು ಕರೆದು, "ನೀನೇ ಹೇಳ್ಲಾ, ಮೆಲ್ಲಗೆ ಹೇಳು," ಎಂದು ಜಗುಲಿಯ ಮೇಲೆ ಕೂತುಬಿಟ್ಟರು. ನೆಂಟರು ಬಂದರೆ ಅವರೂ ಪಿಸುಗುಟ್ಟಿ ಉಂಡು ಹೋಗುತ್ತಿದ್ದರು. "ನಿಮ್ಮನೆ ಒಳ್ಳೆ ಆಸ್ಪತ್ರೆ ಇದ್ದಂಗೈತೆ ಬುಡಿ," ಎಂದು ಒಬ್ಬರು ನಕ್ಕರು. ನಾನು ಯಾರನ್ನೂ ಸುಮ್ಮನಿರಿ ಎಂದಿರಲಿಲ್ಲ. ಆದರೆ ನನಗೆ ಹಿತವಾಗಿತ್ತು, ಅದನ್ನು ಇಲ್ಲ ಎನ್ನುವುದಿಲ್ಲ. ಸಾಲದ್ದಕ್ಕೆ ಕಂಪನಿಯವರು ಸುತ್ತಲಿನ ಸದ್ದನ್ನೆಲ್ಲ ಅಳಿಸಿ ನನ್ನ ಮಾತನ್ನಷ್ಟೇ ದಾಟಿಸುವ ಹೆಡ್‌ಫೋನು ಕಳಿಸಿದರು. ಅದು ಬಂದ ಮೇಲೆ ಇಷ್ಟೆಲ್ಲ ಮೆಲ್ಲಗೆ ಇರಬೇಕಾಗಿಲ್ಲ ಎಂದು ನಾನು ಮನೆಯಲ್ಲಿ ಹೇಳಬಹುದಿತ್ತು, ಅದು ತಲೆಗೇ ಹೋಗಲಿಲ್ಲ.

ಮನೆ ತಣ್ಣಗಾದ ಮೇಲೆ ನನಗೆ ಆಟಗಳು ಹೊಳೆಯುವುದು ನಿಂತಿತು. ಮೊದಲು ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಅನ್ನಿಸಲಿಲ್ಲ. ಯೋಚನೆ ಮಾಡಲು ಬೇಕಾದ ನಿಶ್ಶಬ್ದ ಸಿಕ್ಕಿದೆ, ಇನ್ನೇನು ಹರಿದುಬರುತ್ತದೆ ಎಂದು ಖಾಲಿ ಪರದೆ ನೋಡುತ್ತ ಕೂರುತ್ತಿದ್ದೆ. ತಲೆಯ ಮೇಲೆ ಕಾಯಿ ಉರುಳುವುದು ಬಿಟ್ಟರೆ ಬೇರೆ ಏನೂ ಕೇಳುತ್ತಿರಲಿಲ್ಲ. ಹಳೆಯ ಆಟಕ್ಕೇ ಬೇರೆ ಬಣ್ಣ ಬಳಿದು ಕೊಟ್ಟೆ. "ಮುಂಚಿನ ಥರ ಇಲ್ವಲ್ಲ," ಎಂದರು ಮೇಡಂ. ಆ ದಿನ ಊಟ ಬಿಟ್ಟು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಅತ್ತೆ ಬಾಗಿಲ ಹೊರಗೆ ತಟ್ಟೆ ಇಟ್ಟು ಸದ್ದಾಗದಂತೆ ಹೋಗಿದ್ದರು.

ಮಗಳು ಶಾಲೆಗೆ ಸೇರಿದ ಮೇಲೆ ಮಿಸ್ಸು ನನ್ನನ್ನು ಕರೆಸಿದರು. ಹಾಜರಿ ಕೂಗಿದರೆ ಮಗು ಪಿಸುಗುಟ್ಟುತ್ತದೆ, ಮನೆಯಲ್ಲಿ ಯಾರಾದರೂ ಹೆದರಿಸುತ್ತೀರಾ ಎಂದು ಕೇಳಿದರು. ಹೆದರಿಸುವವರು ಯಾರೂ ಇಲ್ಲ ಎಂದು ಹೇಳಿ ಬಂದೆ. ಬಸ್ಸಿನಲ್ಲಿ ಮಗಳನ್ನು ಯಾಕೆ ಹಾಗೆ ಎಂದು ಕೇಳಿದೆ. "ಅಲ್ಲೂ ಯಾರ್ದಾದ್ರೂ ಮೀಟಿಂಗ್ ಇದ್ರೆ?" ಎಂದಿತು ಮಗು. ನಾನು ಅದನ್ನು ಮನೆಗೆ ಬಂದು ಹೇಳಲಿಲ್ಲ.

ಮೊದಲು ಅನುಮಾನ ಪಟ್ಟವಳು ಅಮ್ಮಸಂದ್ರಕ್ಕೆ ಕೊಟ್ಟಿರುವ ನನ್ನ ನಾದಿನಿ. ದಿನಾ ಸಂಜೆ ತಾಯಿಗೆ ಫೋನ್ ಮಾಡುತ್ತಾಳೆ. ಒಂದು ಸಂಜೆ ನನಗೆ ಕೊಡಲು ಹೇಳಿ, "ಅತ್ಗೆ, ಅವ್ವಂಗೆ ಏನಾಗೈತೆ? ಮಾತು ಗಾಳಿ ಊದ್ದಂಗೆ ಬತ್ತೈತೆ," ಎಂದಳು.

"ಏನಿಲ್ಲ ಕಣೇ, ನನ್ ಮೀಟಿಂಗ್ ಇರುತ್ತಲ್ಲ, ಮೆಲ್ಲಗೆ ಮಾತಾಡ್ತಾರೆ," ಎಂದೆ ನಾನು.

ಪಕ್ಕದಲ್ಲೇ ಇದ್ದ ಅತ್ತೆ ಹೌದು ಎಂದು ತಲೆಯಾಡಿಸಿದರು. ಅವರಿಗೂ ಅದೇ ನಂಬಿಕೆ. ಮೆಲ್ಲಗೆ ಮಾತಾಡಿ ಮಾತಾಡಿ ಗಂಟಲು ಕಟ್ಟಿದೆ, ಒಂದಿಷ್ಟು ಬಿಸಿನೀರು ಕುಡಿದರೆ ಹೋಗುತ್ತದೆ ಎಂದುಕೊಂಡು ಮೆಣಸಿನ ಕಷಾಯ ಕುಡಿಯುತ್ತಿದ್ದರಂತೆ. ನನಗೆ ಅದು ಆಮೇಲೆ ತಿಳಿಯಿತು. ಪಿಸುಮಾತಿನಲ್ಲಿ ಒಡೆದ ದನಿ ಯಾವುದು, ಒಡೆಯದ್ದು ಯಾವುದು ಎಂದು ಗೊತ್ತಾಗುವುದಿಲ್ಲ.

ಅತ್ತೆಗೆ ಮುದ್ದೆ ನುಂಗಲು ಕಷ್ಟವಾಗಿ, ಒಂದು ದಿನ ಎಂಜಲಿನಲ್ಲಿ ರಕ್ತ ಕಂಡಾಗ ನಾವು ಎಚ್ಚೆತ್ತೆವು. ತಿಪಟೂರಿನ ಡಾಕ್ಟರು ತುಮಕೂರಿಗೆ ಬರೆದುಕೊಟ್ಟರು. ತುಮಕೂರಿನ ಡಾಕ್ಟರು ಅತ್ತೆಯ ಗಂಟಲೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, ಕೈ ತೊಳೆದು ಬಂದು ಕೂತು, "ದನಿ ಹೀಗಾಗಿ ಎಷ್ಟು ದಿನ ಆಯ್ತು?" ಎಂದು ಕೇಳಿದರು.

ನಾನು ಗಂಡನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಇಬ್ಬರಿಗೂ ಗೊತ್ತಿರಲಿಲ್ಲ.

"ಒಂದೇ ಮನೇಲಿ ಇದ್ದೀರಲ್ವಾ?" ಎಂದರು ಡಾಕ್ಟರು.

"ಅವರು ಮೆಲ್ಲಗೇ ಮಾತಾಡೋದು ಸರ್," ಎಂದೆ.

"ಮೊದಲಿಂದಲೂ?"

ಅಷ್ಟರಲ್ಲಿ ಅತ್ತೆ ಮುಂದೆ ಬಾಗಿ, ನನ್ನ ಕಡೆ ಕೈ ತೋರಿಸಿ, ದೊಡ್ಡವರ ಮುಂದೆ ನನ್ನ ಪರಿಚಯ ಮಾಡಿಕೊಡುವವರಂತೆ ಹೇಳಿದರು. "ನಮ್ ಸೊಸೆ ಸಾ. ಕಂಪ್ಯೂಟರ್ ಕೆಲ್ಸ. ಮೀಟಿಂಗ್ ಇರ್ತೈತೆ." ಡಾಕ್ಟರಿಗೆ ಅರ್ಥವಾಗಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ, ಚೀಟಿ ಬರೆಯತೊಡಗಿದರು.

ಅತ್ತೆಯನ್ನು ಹೊರಗೆ ಕೂರಿಸಿದ ಮೇಲೆ ಅವರು ಹೇಳಿದ್ದು ಇಷ್ಟು. ಗಂಟಲಿನಲ್ಲಿ ಗಡ್ಡೆ ಬೆಳೆದಿದೆ. ಅದಕ್ಕೆ ಕಾರಣ ಎಲೆಅಡಿಕೆಯ ಜೊತೆ ಹಾಕುವ ಹೊಗೆಸೊಪ್ಪು ಇರಬಹುದು, ಬೇರೆ ಏನಾದರೂ ಇರಬಹುದು. ಮೆಲ್ಲಗೆ ಮಾತಾಡಿದ್ದರಿಂದ ಬರುವ ಕಾಯಿಲೆಯಲ್ಲ. ಆದರೆ ದನಿ ಒಡೆದ ಮೊದಲಲ್ಲೇ ಬಂದಿದ್ದರೆ ದನಿ ಉಳಿಯಬಹುದಿತ್ತು. ಈಗ ಜೀವ ಉಳಿಸಬೇಕಾದರೆ ದನಿಪೆಟ್ಟಿಗೆ ತೆಗೆಯಬೇಕು. ಮೆಲ್ಲಗೆ ಮಾತಾಡಿದ್ದರಿಂದ ಅಲ್ಲ ಎಂಬ ಆ ಮಾತನ್ನು ಎಲ್ಲರೂ ನನಗೆ ಸಮಾಧಾನ ಎಂದು ಹೇಳುತ್ತಾರೆ. ನನ್ನ ಗಂಡನೂ ಹೇಳುತ್ತಾರೆ. ನನಗೆ ಅದರಿಂದ ಒಂದು ಚೂರೂ ಸಮಾಧಾನವಾಗುವುದಿಲ್ಲ. ಊರಿಗೆಲ್ಲ ಕೇಳುತ್ತಿದ್ದ ದನಿ ಪಕ್ಕದ ಕೋಣೆಯಲ್ಲಿ ಸಾಯುತ್ತಿದ್ದುದು ನಮಗೆ ಗೊತ್ತಾಗಲಿಲ್ಲ. ಅದಕ್ಕೆ ಯಾರನ್ನು ಬೈಯಬೇಕು ಎಂದು ನನಗೆ ಇವತ್ತಿಗೂ ತಿಳಿಯದು, ಬೈಯದೆ ಇರಲೂ ಆಗದು.

ಆಪರೇಷನ್ನು ಬೆಂಗಳೂರಿನಲ್ಲಿ. ಹಿಂದಿನ ದಿನ ಅತ್ತೆಯ ಮಂಚದ ಪಕ್ಕ ನಾನೊಬ್ಬಳೇ ಕೂತಿದ್ದೆ. ಅವರ ಕೈ ಹಿಡಿದುಕೊಂಡು, "ಅತ್ತೆ, ಇನ್ಮೇಲೆ ಮಾತಾಡೋಕ್ಕಾಗಲ್ಲ ಅಂತಾರೆ," ಎಂದಷ್ಟೇ ಹೇಳಿ ಅತ್ತುಬಿಟ್ಟೆ. ಅತ್ತೆ ನನ್ನ ತಲೆ ಸವರಿದರು.

"ತೆಗುದ್ರೆ ತೆಗೀಲಿ ಬುಡು ಮಗಾ," ಎಂದರು ಆ ಗಾಳಿ ಊದಿದಂಥ ದನಿಯಲ್ಲಿ. "ಈಗ ನಮ್ಮನೇಲಿ ಅದಕ್ಕೇನ್ ಕೆಲ್ಸ ಐತೆ?"

ಅವರು ಚುಚ್ಚಿ ಹೇಳಲಿಲ್ಲ. ಚುಚ್ಚಿ ಹೇಳುವುದು ಅತ್ತೆಗೆ ಗೊತ್ತೂ ಇಲ್ಲ. ನನ್ನ ದುಃಖ ಕಡಿಮೆಯಾಗಲಿ ಎಂದು, ಮನೆಯಲ್ಲಿ ಬಳಕೆಯಿಲ್ಲದ ಹಳೆಯ ಪಾತ್ರೆ ಯಾರಿಗಾದರೂ ಕೊಟ್ಟುಬಿಡೋಣ ಎನ್ನುವಂತೆ ಹೇಳಿದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು.

ಈಗ ಅತ್ತೆಯ ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳುವಾದ ಬಟ್ಟೆ. ನಮ್ಮನ್ನು ಕರೆಯಬೇಕಾದರೆ ಕರಟದ ಹೋಳಿನಿಂದ ಕಂಬಕ್ಕೆ ಕುಟ್ಟುತ್ತಾರೆ. ಅದನ್ನೂ ಮೆಲ್ಲಗೇ ಕುಟ್ಟುತ್ತಾರೆ. ಹಸುವಿನ ಹತ್ತಿರ ಹೋಗಿ ಬಾಯಿ ಆಡಿಸುತ್ತಾರೆ, ಹಸು ಕಿವಿ ನಿಮಿರಿಸಿ ಕಾಯುತ್ತದೆ. ಕೆಂಪು ಬಟ್ಟೆಯನ್ನು ನಾನು ಬಿಚ್ಚಿ ಒಳಗಿಟ್ಟಿದ್ದೆ. ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಅತ್ತೆ ಅದನ್ನು ಹುಡುಕಿ ತೆಗೆದು, ಒಗೆದು, ಮತ್ತೆ ಚಿಲಕಕ್ಕೆ ಕಟ್ಟಿದರು. ನಾನು ಬೇಡ ಎನ್ನುವಷ್ಟರಲ್ಲಿ ಗಂಡ ಕಣ್ಣಲ್ಲೇ ತಡೆದರು. ತಾಯಿಗೆ ಉಳಿದಿರುವ ಕೆಲಸ ಅದೊಂದೇ ಎಂದು ಅವರ ಲೆಕ್ಕ.

ನನಗೆ ಮಾತ್ರ ಒಂದೇ ಹುಚ್ಚು ಹಿಡಿಯಿತು, ಅತ್ತೆಯ ಹಳೆಯ ದನಿ ಎಲ್ಲಾದರೂ ಸಿಗಬೇಕು. ಮನೆ ತಣ್ಣಗಾದ ಮೇಲೆ ಕೊಂಡ ಫೋನಿನಲ್ಲಿದ್ದ ವಿಡಿಯೋಗಳನ್ನೆಲ್ಲ ನೋಡಿದೆ. ಮಗಳ ಹುಟ್ಟುಹಬ್ಬ, ಗೌರಿ ಹಬ್ಬ, ಹಸು ಕರು ಹಾಕಿದ್ದು. ಎಲ್ಲದರಲ್ಲೂ ಅತ್ತೆ ಇದ್ದಾರೆ, ತುಟಿ ಆಡುತ್ತದೆ, ಮಾತು ಕೇಳುವುದಿಲ್ಲ. ಉಳಿಸಿಕೊಂಡಿದ್ದ ಮೀಟಿಂಗುಗಳ ರೆಕಾರ್ಡಿಂಗ್ ತೆರೆದು ಗಂಟೆಗಟ್ಟಲೆ ಕಿವಿಗೊಟ್ಟೆ. ಅವುಗಳಲ್ಲಿ ಅಂಗಳವೇ ಇರಲಿಲ್ಲ. ಆ ಹೆಡ್‌ಫೋನು ಅಂಗಳವನ್ನು ಅಳಿಸಿ ನನ್ನನ್ನು ಮಾತ್ರ ಉಳಿಸಿತ್ತು. ಬಣ್ಣಗಳ ಬಗ್ಗೆ, ಬಟನ್ನುಗಳ ಬಗ್ಗೆ ಕೊರೆಯುವ ನನ್ನದೇ ದನಿ ಕೇಳಿ ಕೇಳಿ ಹೇಸಿಗೆಯಾಯಿತು.

ಕೊನೆಗೆ ಸಿಕ್ಕಿದ್ದು ಆಫೀಸಿನವರ ಹಳೆಯ ವಾಟ್ಸಾಪ್ ಗುಂಪಿನಲ್ಲಿ. ಆ ಹರಾಜಿನ ಮೀಟಿಂಗಿನ ತುಣುಕೊಂದನ್ನು ಯಾರೋ ಕತ್ತರಿಸಿ ತಮಾಷೆಗೆಂದು ಹಾಕಿದ್ದರು. ಅದರ ಕೆಳಗೆ ಸಾಲಾಗಿ ನಗುವ ಮುಖಗಳು. ಅವುಗಳಲ್ಲಿ ಒಂದು ನಾನು ಹಾಕಿದ್ದು.

ಭಾನುವಾರ ಊಟವಾದ ಮೇಲೆ ಅತ್ತೆಯನ್ನು ಕೋಣೆಗೆ ಕರೆದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ನಮ್ಮನೆಯವರು ಬಾಗಿಲ ಹತ್ತಿರ ನಿಂತರು, ಮಗಳು ಮೇಜಿಗೆ ಆತುಕೊಂಡಳು. ದನಿ ಪೂರ್ತಿ ಏರಿಸಿ ತುಣುಕನ್ನು ಹಾಕಿದೆ. ಮೊದಲು ನನ್ನ ಇಂಗ್ಲಿಷು, ಅದರ ಹಿಂದೆ ಒಂದು ಕಾಗೆ, ಆಮೇಲೆ ಲಾಭ. ಕೋಣೆ ತುಂಬಿತು. ಎರಡು, ಮೂರು, ನಾಕು ಎಂದು ಸಾಗಿ, ಜನರ ನಗುವಿನಲ್ಲಿ ಮುಗಿಯಿತು. ಗಂಡ ಗೋಡೆಯ ಕಡೆ ತಿರುಗಿಕೊಂಡರು.

"ಅಮ್ಮ, ಅದು ಯಾರು?" ಎಂದು ಕೇಳಿದಳು ಮಗಳು.

ಅವಳಿಗೆ ಅಜ್ಜಿಯ ದನಿ ನೆನಪಿರಲಿಲ್ಲ. ನಾನು ಮತ್ತೊಮ್ಮೆ ಹಾಕಿದೆ. ಲಾಭ ಎಂದು ಮತ್ತೆ ಮೊಳಗಿದ್ದೇ ತಡ, ಅತ್ತೆ ಗಾಬರಿಯಿಂದ ಬಾಗಿಲ ಕಡೆ ನೋಡಿದರು. ಚಿಲಕದಲ್ಲಿ ಕೆಂಪು ಬಟ್ಟೆ ಇತ್ತು. ಅವರು ನನ್ನ ತೋಳು ಹಿಡಿದು ಜಗ್ಗಿ, ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ತಗ್ಗಿಸು, ತಗ್ಗಿಸು ಎಂದು ಸನ್ನೆ ಮಾಡಿದರು.

"ಇವತ್ತು ಭಾನುವಾರ ಅತ್ತೆ, ಮೀಟಿಂಗ್ ಇಲ್ಲ," ಎಂದೆ. ಅದನ್ನೂ ನಾನು ಪಿಸುಗುಟ್ಟಿಯೇ ಹೇಳಿದ್ದೆ.